ಯುಗಾದಿ ಕಳೆದೊಡನೆ ಮರಳಿ ಬರುವ ತುರಿ: ಪಾರ್ಥೇನಿಯಂ ಅಲರ್ಜಿ ಇರುವ ರೈತರಿಗೆ ಕೆಲವು ಮಾತು

ಯುಗಾದಿ ಕಳೆದು ಅಶ್ವಿನಿ, ಭರಣಿ ಮಳೆ ಒಂದೆರಡು ಹದ ಬಿದ್ದಿತೆಂದರೆ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಕೆಲವು ರೈತರಿಗೆ ಹೊಲದ ಚಿಂತೆಯ ಜೊತೆಗೆ ಮೈಯ ಚಿಂತೆಯೂ ಶುರುವಾಗುತ್ತದೆ. ಮೊದಲು ಕಣ್ಣಿನ ರೆಪ್ಪೆ ಭಾರವಾಗಿ ನವೆ ಹತ್ತುತ್ತದೆ. ಬಳಿಕ ಕತ್ತಿನ ಸುತ್ತ, ಕಿವಿಯ ಹಿಂದೆ, ಮೊಣಕೈಯ ಒಳಮಡಿಕೆಯಲ್ಲಿ ಕೆಂಪು ದದ್ದು ಏಳುತ್ತದೆ. ರಾತ್ರಿ ನಿದ್ದೆಯಲ್ಲೂ ಕೈ ತಾನಾಗಿ ಕೆರೆಯುತ್ತದೆ. ಮುಂಗಾರು ಮುಗಿಯುವವರೆಗೆ ಹೀಗೇ ನಡೆದು, ಚಳಿ ಬಿದ್ದ ಮೇಲೆ ಚರ್ಮ ತಿಳಿಯಾಗುತ್ತದೆ. "ಈ ವರ್ಷಕ್ಕೆ ಮುಗಿಯಿತು" ಎಂದು ಸಮಾಧಾನಪಡುವಷ್ಟರಲ್ಲಿ ಮುಂದಿನ ಯುಗಾದಿ ಬಂದಿರುತ್ತದೆ.

ಕ್ಷೇತ್ರೋತ್ಸವಗಳಲ್ಲಿ, ತರಬೇತಿ ಶಿಬಿರಗಳಲ್ಲಿ ಇಂತಹ ರೈತರನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ. ತೊಗರಿ ತಳಿಯ ವಿಚಾರ ಕೇಳಲು ಬಂದವರು ಕೊನೆಗೆ ಪಕ್ಕಕ್ಕೆ ಕರೆದು ಅಂಗಿಯ ಕಾಲರು ಸರಿಸಿ ತೋರಿಸುತ್ತಾರೆ. "ಉಷ್ಣ ಜಾಸ್ತಿ ಅಂತಾರೆ ಸ್ವಾಮಿ, ರಕ್ತ ಕೆಟ್ಟಿದೆ ಅಂತಾರೆ. ಬದನೆಕಾಯಿ ಬಿಟ್ಟೆ, ಮೊಟ್ಟೆ ಬಿಟ್ಟೆ, ಹುಳಿ ಬಿಟ್ಟೆ. ಇದು ಮಾತ್ರ ನನ್ನ ಬಿಡಲಿಲ್ಲ" ಎನ್ನುತ್ತಾರೆ. ಹೀಗೆ ತಿನ್ನುವುದನ್ನೆಲ್ಲ ಬಿಟ್ಟವರು ಮನೆಯ ಹಿಂದಿನ ಗಿಡವನ್ನು ಮಾತ್ರ ಹಾಗೆಯೇ ಬಿಟ್ಟಿರುತ್ತಾರೆ. ಆ ಗಿಡ ಪಾರ್ಥೇನಿಯಂ. ಕೆಲವು ಕಡೆ ಕಾಂಗ್ರೆಸ್ ಗಿಡ, ಕೆಲವು ಕಡೆ ಕಾಂಗ್ರೆಸ್ ಕಸ ಎನ್ನುತ್ತಾರೆ. ಹೆಸರು ಯಾವುದಾದರೂ ಗಜ್ಜರಿಯಂತಹ ಎಲೆ, ತುದಿಯಲ್ಲಿ ಅಕ್ಕಿನುಚ್ಚು ಚೆಲ್ಲಿದಂತಹ ಬಿಳಿ ಹೂವು ಎಂದರೆ ಎಲ್ಲರಿಗೂ ಗೊತ್ತು.

ಕಳೆಯಾಗಿ ಇದು ಮಾಡುವ ಹಾನಿಯ ಬಗ್ಗೆ ಬೇಕಾದಷ್ಟು ಬರೆದಿದ್ದಾಗಿದೆ. ಈ ಲೇಖನ ಈಗಾಗಲೇ ಇದರ ಅಲರ್ಜಿ ಹತ್ತಿದವರಿಗಾಗಿ. ಅವರು ಊರು ಬಿಡಲಾರರು, ಬೇಸಾಯ ಬಿಡಲಾರರು. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುವುದರಿಂದ ಅದರೊಡನೆ ಹೇಗೆ ಬದುಕಬೇಕೆಂಬುದನ್ನು ತಿಳಿಯಬೇಕಾಗಿದೆ.

ತುರಿ ಬರುವುದು ಹೇಗೆ?

ಪಾರ್ಥೇನಿಯಂನ ಮೂಲ ಮೆಕ್ಸಿಕೋ ಕೊಲ್ಲಿಯ ಸುತ್ತಲಿನ ಅಮೆರಿಕದ ನಾಡುಗಳು. ನಮ್ಮ ದೇಶದಲ್ಲಿ ಇದು ಹರಡುತ್ತಿರುವುದನ್ನು ಸಸ್ಯಶಾಸ್ತ್ರಜ್ಞರು ಪುಣೆಯಲ್ಲಿ ಗುರುತಿಸಿ ದಾಖಲಿಸಿದ್ದು 1956ರಲ್ಲಿ. ಆಮದಾದ ಗೋಧಿಯ ಜೊತೆ ಬಂದಿತೆಂಬ ಮಾತು ಜನಜನಿತವಾಗಿದೆ. ಪುಣೆಯ ರೋಗಿಗಳಲ್ಲಿ ಕಂಡ ಚರ್ಮದ ಬೇನೆಗೆ ಈ ಗಿಡವೇ ಕಾರಣವೆಂದು ವೈದ್ಯಕೀಯ ಪತ್ರಿಕೆಗಳಲ್ಲಿ 1974ರ ಹೊತ್ತಿಗೆ ಪ್ರಕಟವಾಯಿತು. ಅದೇ ದಶಕದಲ್ಲಿ ಬೆಂಗಳೂರಿನಲ್ಲೂ ಈ ಬಗ್ಗೆ ಅಧ್ಯಯನಗಳು ನಡೆದವು.

ಗಿಡದ ಎಲೆ, ಕಾಂಡ, ಹೂವುಗಳ ಮೇಲೆ ಬರಿಗಣ್ಣಿಗೆ ಸರಿಯಾಗಿ ಕಾಣದ ಸಣ್ಣ ರೋಮಗಳಿವೆ. ಇವುಗಳಲ್ಲಿ ಪಾರ್ಥೇನಿನ್ ಎಂಬ ಕಹಿ ವಸ್ತು ಇರುತ್ತದೆ. ಹಸು, ಎಮ್ಮೆ ಈ ಗಿಡವನ್ನು ಮೂಸಿ ಬಿಡುವುದು ಇದರ ಕಹಿಗೇ. ಹಸಿವಿಗೆ ತಿಂದರೆ ಹಾಲೂ ಕಹಿಯಾಗುತ್ತದೆ. ಗಿಡ ಒಣಗಿದಾಗ ಈ ರೋಮಗಳು ಪುಡಿಯಾಗಿ ದೂಳಿನೊಡನೆ ಗಾಳಿಯಲ್ಲಿ ತೇಲುತ್ತವೆ. ಆದ್ದರಿಂದ ಗಿಡವನ್ನು ಮುಟ್ಟದವರಿಗೂ ತುರಿ ಬರುತ್ತದೆ. "ನಾನು ಅದರ ತಂಟೆಗೇ ಹೋಗುವುದಿಲ್ಲ" ಎನ್ನುವ ಕಿರಾಣಿ ಅಂಗಡಿಯವರು, ಬಸ್ಸಿನ ಚಾಲಕರು ರೋಗಿಗಳಾಗುವುದು ಹೀಗೆ.

ಇಲ್ಲಿ ಎರಡು ಅಂಶಗಳನ್ನು ಮನದಟ್ಟು ಮಾಡಿಕೊಳ್ಳಬೇಕು, ಏಕೆಂದರೆ ರೈತರು ದಾರಿ ತಪ್ಪುವುದು ಈ ಎರಡರಲ್ಲೇ.

ಮೊದಲನೆಯದು, ಅಲರ್ಜಿ ಮೊದಲ ದಿನವೇ ಬರುವುದಿಲ್ಲ. ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಗಿಡದ ಸಂಪರ್ಕವಾದ ಮೇಲೆ ಕೆಲವರ ಮೈ ಅದನ್ನು ಶತ್ರುವೆಂದು ಗುರುತು ಹಿಡಿಯುತ್ತದೆ. ಅಲ್ಲಿಂದ ಮುಂದೆ ಕಣದಷ್ಟು ಪುಡಿ ಬಿದ್ದರೂ ಸಾಕು. "ಇಪ್ಪತ್ತು ವರ್ಷದಿಂದ ಬರಿಗೈಲಿ ಕಿತ್ತಿದ್ದೇನೆ, ನನಗೇನೂ ಆಗಿಲ್ಲ" ಎನ್ನುವವರಿಗೆ ಇಪ್ಪತ್ತೊಂದನೆಯ ವರ್ಷ ಬರಬಹುದು. ಎಲ್ಲರಿಗೂ ಬರುತ್ತದೆಂದಲ್ಲ. ಹೆಚ್ಚಾಗಿ ಹೊರಗೆ ದುಡಿಯುವ ವಯಸ್ಕರಲ್ಲಿ, ಅದರಲ್ಲೂ ಗಂಡಸರಲ್ಲಿ ಕಂಡುಬರುತ್ತದೆ. ಮಕ್ಕಳಲ್ಲಿ ಅಪರೂಪ. ಯಾರಿಗೆ ಬರುತ್ತದೆಂದು ಮುಂಚಿತವಾಗಿ ಹೇಳುವ ಉಪಾಯ ಮಾತ್ರ ಇಲ್ಲ.

ಎರಡನೆಯದು, ತುರಿ ತಡವಾಗಿ ಏಳುತ್ತದೆ. ಸೋಮವಾರ ಗಿಡದ ನಡುವೆ ಕೆಲಸ ಮಾಡಿದರೆ ಮಂಗಳವಾರ ಸಂಜೆಗೋ ಬುಧವಾರಕ್ಕೋ ದದ್ದು ಕಾಣುತ್ತದೆ. ಅಷ್ಟರಲ್ಲಿ ಮಂಗಳವಾರದ ಸಂತೆಯಲ್ಲಿ ತಿಂದ ಬಜ್ಜಿಯ ಮೇಲೆ ತಪ್ಪು ಬಿದ್ದಿರುತ್ತದೆ. ಪಾಪದ ಬದನೆಕಾಯಿಗೆ ನಮ್ಮಲ್ಲಿ ಕೆಟ್ಟ ಹೆಸರು ಬಂದಿರುವುದಕ್ಕೆ ಇಂತಹ ಲೆಕ್ಕಗಳೂ ಕಾರಣವಿರಬೇಕು. ಈ ಬೇನೆಯಲ್ಲಿ ಆಹಾರದ ಪಥ್ಯದಿಂದ ಉಪಯೋಗವಿಲ್ಲ. ಹೊಟ್ಟೆ ತುಂಬ ಉಣ್ಣಬಹುದು.

ಎಲ್ಲ ತುರಿಯೂ ಪಾರ್ಥೇನಿಯಂ ತುರಿಯಲ್ಲ

ತುರಿ ಎಂದೊಡನೆ ಈ ಗಿಡವನ್ನೇ ದೂರಬಾರದು. ಬಟ್ಟೆ ಮುಚ್ಚದ ಜಾಗಗಳಲ್ಲಿ ಮತ್ತು ದೂಳು ಕೂರುವ ಮಡಿಕೆಗಳಲ್ಲಿ ಮೊದಲು ಕಾಣಿಸಿಕೊಳ್ಳುವುದು ಪಾರ್ಥೇನಿಯಂ ತುರಿಯ ಗುರುತು. ಮೇಲಿನ ರೆಪ್ಪೆ, ಗದ್ದದ ಕೆಳಗೆ, ಕಿವಿಯ ಹಿಂಭಾಗ, ಕತ್ತು, ಮೊಣಕೈ ಮತ್ತು ಮಂಡಿಯ ಹಿಂದಿನ ಮಡಿಕೆಗಳನ್ನು ನೋಡಬೇಕು. ಬರಿಯ ಬಿಸಿಲಿನಿಂದ ಬರುವ ದದ್ದು ಸಾಮಾನ್ಯವಾಗಿ ಗದ್ದದ ಕೆಳಗೆ, ಕಿವಿಯ ಹಿಂದೆ, ಅಂದರೆ ನೆರಳಿರುವ ಜಾಗದಲ್ಲಿ ಇರುವುದಿಲ್ಲ. ದೂಳಿಗೆ ನೆರಳು ಬಿಸಿಲಿನ ಭೇದವಿಲ್ಲ. ಆದರೆ ಪಾರ್ಥೇನಿಯಂ ತುರಿ ಹಳೆಯದಾದ ಮೇಲೆ ಕೆಲವರಿಗೆ ಬಿಸಿಲೂ ಒಗ್ಗದಂತಾಗಿ ಎರಡೂ ಬೆರೆತುಹೋಗುತ್ತವೆ. ಆಗ ವೈದ್ಯರೇ ನೋಡಿ ನಿರ್ಧರಿಸಬೇಕು.

ಮನೆಮಂದಿಗೆಲ್ಲ ಒಟ್ಟಿಗೆ ಬಂದು, ರಾತ್ರಿ ಹೊತ್ತು ಹೆಚ್ಚಾಗಿ, ಬೆರಳ ಸಂದಿಯಲ್ಲಿ ಗುಳ್ಳೆ ಏಳುವುದು ಕಜ್ಜಿ. ತೊಡೆಸಂದಿಯಲ್ಲೋ ಸೊಂಟದಲ್ಲೋ ಬಳೆಯಂತೆ ಅಂಚು ಕಟ್ಟಿ ಹರಡುವುದು ಹುಳುಕಡ್ಡಿ, ಧಾರವಾಡದ ಕಡೆ ಗಜಕರ್ಣವೆನ್ನುತ್ತಾರೆ. ಇವೆರಡಕ್ಕೂ ಬೇರೆ ಔಷಧವಿದೆ, ಪೂರ್ತಿ ಗುಣವಾಗುತ್ತವೆ. ಬೇಲಿಯಲ್ಲಿ ಒಣಗಿದ ನಸುಗುನ್ನಿ ಕಾಯಿ ತಾಗಿದರೆ ಆ ಕ್ಷಣವೇ ಉರಿ ತುರಿ ಹತ್ತಿ, ಬಳಿಕ ತಾನಾಗಿ ಇಳಿಯುತ್ತದೆ. ಕರಾವಳಿಯಲ್ಲಿ ಬೇಸಗೆಯ ಆರಂಭದಿಂದ ಮಳೆಗಾಲದವರೆಗೆ ಗೇರುಬೀಜದ ಕೊಯ್ಲು. ಸಿಪ್ಪೆಯ ಎಣ್ಣೆ ತಾಗಿ ಕೈ ಸುಟ್ಟಂತಾಗುವುದು ಆ ಕಾಲದಲ್ಲೇ. ಮಲೆನಾಡಿನವರಿಗೆ ಚೇರು ಮರದ ಸೊನೆಯ ಪರಿಚಯ ಹೇಳಬೇಕಾಗಿಲ್ಲ. ಇವೂ ಋತುವಿಗೆ ತಕ್ಕಂತೆ ಮರಳಿ ಬರುವ ತುರಿಗಳೇ, ಆದರೆ ಕಾರಣ ಬೇರೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ವರ್ಷಗಳ ಕಾಲ ಕೆರೆದೂ ಕೆರೆದೂ ಮುಖದ ಚರ್ಮ ದಪ್ಪಗಾಗಿ, ಕಪ್ಪಾಗಿ, ಹಣೆಯಲ್ಲಿ ನೆರಿಗೆ ಬಿದ್ದಾಗ ಊರಿನವರು ಅದನ್ನು ಕುಷ್ಠವೆಂದು ಪಿಸುಗುಟ್ಟುವುದುಂಟು. ಆ ಪಿಸುಮಾತಿನಿಂದ ಮದುವೆ ಮನೆಯ ಪಂಕ್ತಿಯಲ್ಲಿ ಕೂರಲು ಹಿಂಜರಿಯುವವರಿದ್ದಾರೆ, ಮಗಳಿಗೆ ಬಂದ ಸಂಬಂಧ ತಪ್ಪಿದ್ದೂ ಇದೆ. ಪಾರ್ಥೇನಿಯಂ ತುರಿ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಜೊತೆಯಲ್ಲಿ ಉಂಡರೂ ಒಂದೇ ಹಾಸಿಗೆಯಲ್ಲಿ ಮಲಗಿದರೂ ಬರುವುದಿಲ್ಲ. ಕುಷ್ಠದ ಮಚ್ಚೆ ತುರಿಸುವುದಿಲ್ಲ, ಅಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ಅದಕ್ಕೂ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಔಷಧವಿದ್ದು ಗುಣವಾಗುತ್ತದೆ. ಎರಡನ್ನೂ ಬಚ್ಚಿಡುವ ಅವಶ್ಯಕತೆಯಿಲ್ಲ.

ಹೆಗಲ ಮೇಲಿನ ಟವಲು

ರೋಗಿಗಳ ದಿನಚರಿಯನ್ನು ವಿಚಾರಿಸಿದಾಗ ತಿಳಿದುಬರುವ ಸಂಗತಿಗಳು ಸ್ವಾರಸ್ಯಕರವಾಗಿವೆ. ಬೆಳಿಗ್ಗೆ ಬದುವಿನ ಮೇಲೆ ಹಸಿ ಹುಲ್ಲು ಕೊಯ್ಯುತ್ತಾರೆ. ಅದರಲ್ಲಿ ನಾಲ್ಕು ಪಾರ್ಥೇನಿಯಂ ಕುಡಿ ಸೇರಿರುತ್ತದೆ. ಹೊರೆಯನ್ನು ತಲೆಯ ಮೇಲೆ ಹೊತ್ತಾಗ ಅದರ ಪುಡಿ ಕೂದಲಿಗೆ, ಕತ್ತಿಗೆ ಉದುರುತ್ತದೆ. ಸಿಂಬೆಯಾಗಿ ಸುತ್ತಿದ ಟವಲನ್ನೇ ಕೊಡವಿ ಹೆಗಲಿಗೆ ಹಾಕುತ್ತಾರೆ. ದಿನವಿಡೀ ಅದರಲ್ಲೇ ಬೆವರು ಒರೆಸುತ್ತಾರೆ. ಗಿಡದ ಪುಡಿಯನ್ನು ರೆಪ್ಪೆಗೆ, ಕತ್ತಿಗೆ, ಕಿವಿಯ ಹಿಂದಕ್ಕೆ ತಿಕ್ಕುವ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಯಾವುದೂ ಮಾಡಲಾರದು. ಬೆವರಿನಲ್ಲಿ ಚರ್ಮ ನೆಂದಿರುವುದರಿಂದ ಅದು ಬೇಗ ಇಳಿಯುತ್ತದೆ. ಸಂಜೆ ಆ ಟವಲನ್ನು ತೊಳೆದು ಬೇಲಿಯ ಮೇಲೆ ಒಣಹಾಕಿದರೆ, ಬೇಲಿಯ ಬುಡದಲ್ಲಿ ನಿಂತಿರುವುದು ಅದೇ ಗಿಡ.

ಅಲರ್ಜಿ ಇರುವವರು ಮೊದಲು ಸರಿಪಡಿಸಬೇಕಾದುದು ಇದನ್ನು. ಕೆಲಸದ ಟವಲು ಬೇರೆ, ಮುಖ ಒರೆಸುವ ಬಟ್ಟೆ ಬೇರೆ ಇರಲಿ. ಮುಖದ ಬಟ್ಟೆಯನ್ನು ಮಡಚಿ ಜೇಬಿನಲ್ಲೋ ಚೀಲದಲ್ಲೋ ಇಡಬೇಕು. ಹುಲ್ಲಿನ ಹೊರೆಯನ್ನು ತಲೆಯ ಮೇಲೆ ಹೊರದೆ ಗಾಡಿಯಲ್ಲಿ ಹಾಕಬೇಕು, ಇಲ್ಲವೇ ಮನೆಯ ಬೇರೆಯವರಿಗೆ ವಹಿಸಬೇಕು. ತುಂಬು ತೋಳಿನ ಹತ್ತಿ ಅಂಗಿ, ಕಾಲರಿನ ಗುಂಡಿ ಹಾಕಿ ತೊಡುವುದು ಲೇಸು. ಎತ್ತರಕ್ಕೆ ಕಟ್ಟಿದ ಪಂಚೆಗಿಂತ ಪೈಜಾಮ ವಾಸಿ. ಬಿಸಿಲಿನಲ್ಲಿ ತುಂಬು ತೋಳು ಸೆಕೆಯೆನ್ನುವುದು ನಿಜ, ಆದರೆ ಸೆಕೆಯ ಕಷ್ಟ ಸಂಜೆಗೆ ಮುಗಿಯುತ್ತದೆ.

ಹೊಲದಿಂದ ಬಂದೊಡನೆ ಅಂಗಳದಲ್ಲೇ ಬಟ್ಟೆ ತೆಗೆದು ಮೊದಲು ಬರಿಯ ನೀರನ್ನು ಧಾರಾಳವಾಗಿ ಸುರಿದುಕೊಳ್ಳಬೇಕು. ಒಣಮೈಗೆ ಸೋಪು ತಿಕ್ಕಿದರೆ ಪುಡಿಯನ್ನು ಇನ್ನಷ್ಟು ಉಜ್ಜಿದಂತಾಗುತ್ತದೆ. ಬಟ್ಟೆ ಒಗೆಯುವ ಸೋಪು ಮೈಗೆ ಬೇಡ, ತುರಿ ಇರುವ ಚರ್ಮಕ್ಕೆ ಅದು ಉಪ್ಪು ಸವರಿದಂತೆ. ಕಲ್ಲಿನಿಂದಲೋ ನಾರಿನಿಂದಲೋ ತಿಕ್ಕಬಾರದು. ತಲೆಗೂದಲನ್ನು ತೊಳೆಯದೆ ಮಲಗಿದರೆ ರಾತ್ರಿಯೆಲ್ಲ ದಿಂಬಿನ ಮೂಲಕ ಪುಡಿ ಮುಖಕ್ಕೆ ಬರುತ್ತದೆ. ಮೈ ಒದ್ದೆಯಿರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನನ್ನು ತೆಳುವಾಗಿ ಹಚ್ಚಬೇಕು. ಒಣಗಿ ಬಿರಿದ ಚರ್ಮದೊಳಗೆ ವಿಷವಸ್ತು ಸುಲಭವಾಗಿ ಇಳಿಯುತ್ತದೆ, ಜಿಡ್ಡಿರುವ ಚರ್ಮ ಸ್ವಲ್ಪವಾದರೂ ತಡೆ ಒಡ್ಡುತ್ತದೆ.

ಬೇಸಗೆಯಲ್ಲಿ ಅಂಗಳದಲ್ಲಿ ಮಂಚ ಹಾಕಿ ಮಲಗುವ ಅಭ್ಯಾಸ ಸುಖವಾದದ್ದೇ. ಆದರೆ ಗಾಳಿ ಬೀಸುವ ದಿಕ್ಕಿನಲ್ಲಿ ಪಾರ್ಥೇನಿಯಂ ತುಂಬಿದ ಬಯಲಿದ್ದರೆ ಒಳಗೆ ಮಲಗುವುದು ಮೇಲು.

ಬುಡ ಕೀಳುವ ಲೆಕ್ಕ

ಮೇಲೆ ಹೇಳಿದ್ದೆಲ್ಲ ರಕ್ಷಣೆ. ಗಿಡ ಮನೆಯ ಸುತ್ತ ಇರುವವರೆಗೆ ರಕ್ಷಣೆ ಅರ್ಧ ಮಾತ್ರ ಫಲಿಸುತ್ತದೆ. ರೋಗಿಗೆ ಕೊಡುವ ಔಷಧದಷ್ಟೇ ಚಿಕಿತ್ಸೆ ಅವನ ಹಿತ್ತಿಲಿಗೂ ಬೇಕು. ಎಕರೆಗಟ್ಟಲೆ ಗೋಮಾಳವನ್ನು ಒಬ್ಬ ರೈತ ಶುಚಿ ಮಾಡಲಾರ. ಆದರೆ ಅವನು ಹೆಚ್ಚು ಹೊತ್ತು ಕಳೆಯುವುದು ಮನೆ, ಹಿತ್ತಿಲು, ಕೊಟ್ಟಿಗೆ, ತಿಪ್ಪೆ, ಕಣ ಮತ್ತು ಹೊಲಕ್ಕೆ ಹೋಗುವ ಕಾಲುದಾರಿಯಲ್ಲಿ. ಇಷ್ಟನ್ನು ಗಿಡವಿಲ್ಲದಂತೆ ಇಟ್ಟುಕೊಳ್ಳುವುದು ಸಾಧ್ಯ.

ಕಾಲ ಬಹು ಮುಖ್ಯ. ಭರಣಿ ಬಂದರೆ ಧರಣಿ ಬೆಳೆದೀತು ಎಂಬ ಗಾದೆ ಬೆಳೆಗೆ ಎಷ್ಟು ಸತ್ಯವೋ ಈ ಕಳೆಗೂ ಅಷ್ಟೇ ಸತ್ಯ. ಮುಂಗಾರಿಗೆ ಮುಂಚಿನ ಮಳೆ ಬಿದ್ದೊಡನೆ ಬೀಜ ಮೊಳೆತು, ಎಲೆಗಳು ನೆಲಕ್ಕೆ ಅಂಟಿದಂತೆ ತಟ್ಟೆಯಾಕಾರದಲ್ಲಿ ಹರಡುತ್ತವೆ. ಮೊಳೆತ ನಾಲ್ಕರಿಂದ ಆರು ವಾರಗಳಲ್ಲಿ ಹೂ ಬಿಡುತ್ತದೆ. ಚೆನ್ನಾಗಿ ಬೆಳೆದ ಒಂದು ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಆದ್ದರಿಂದ ಮೊದಲ ಹದ ಮಳೆ ಬಿದ್ದ ದಿನವನ್ನು ಪಂಚಾಂಗದಲ್ಲಿ ಗುರುತು ಹಾಕಿ, ಅಲ್ಲಿಂದ ಮೂರು ವಾರದೊಳಗೆ ಕಿತ್ತು ಮುಗಿಸಬೇಕು. ಆಗ ನೆಲ ಹಸಿಯಾಗಿರುತ್ತದೆ, ಬೇರು ಸಮೇತ ಬರುತ್ತದೆ, ಗಿಡದಲ್ಲಿ ಹೂವೂ ಪರಾಗವೂ ಇರುವುದಿಲ್ಲ. ಕುಡುಗೋಲಿನಿಂದ ಸವರಿದರೆ ಬುಡದಿಂದ ಮತ್ತೆ ಚಿಗುರಿ ಮೊದಲಿಗಿಂತ ಪೊದೆಯಾಗುತ್ತದೆ. ಒಂದು ಸಲ ಕಿತ್ತರೆ ಆಯಿತೆಂದು ಕೂರಬಾರದು. ಪ್ರತಿ ಮಳೆಗೂ ಹೊಸ ಪೈರು ಏಳುತ್ತದೆ, ಬಚ್ಚಲ ನೀರು ಹರಿಯುವ ಕಡೆ ಮಳೆಗೂ ಕಾಯುವುದಿಲ್ಲ.

ದೇಶದಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹವನ್ನು ಆಗಸ್ಟ್ 16ರಿಂದ 22ರವರೆಗೆ ಆಚರಿಸುವ ಪದ್ಧತಿಯಿದೆ. ಉದ್ದೇಶ ಒಳ್ಳೆಯದೇ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಮಳೆ ಕಾಣುವ ನಮ್ಮ ಸೀಮೆಯಲ್ಲಿ ಆಗಸ್ಟ್ ಹೊತ್ತಿಗೆ ಮೊದಲ ಪೀಳಿಗೆ ಬೀಜ ಉದುರಿಸಿ ಆಗಿರುತ್ತದೆ. ಸಪ್ತಾಹದ ದಿನ ಶಾಲಾ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬರಿಗೈಯಲ್ಲಿ ಹೂಬಿಟ್ಟ ಗಿಡ ಕೀಳಿಸುವುದನ್ನಂತೂ ಕೂಡಲೆ ನಿಲ್ಲಿಸಬೇಕು. ಅಲರ್ಜಿ ಇಲ್ಲದವರಿಗೆ ಅಲರ್ಜಿ ಹತ್ತಿಸಲು ಅದಕ್ಕಿಂತ ಸುಲಭದ ದಾರಿ ಬೇರೊಂದಿಲ್ಲ.

ಕೀಳುವವರು ಯಾರೇ ಆಗಲಿ, ಕೈಗೆ ರಬ್ಬರ್ ಗವಸು ಬೇಕು. ಗವಸು ಇಲ್ಲದಿದ್ದರೆ ಗಟ್ಟಿ ಪ್ಲಾಸ್ಟಿಕ್ ಚೀಲವನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಬಹುದು. ಮೂಗು ಬಾಯಿಗೆ ಬಟ್ಟೆ, ಮೈಗೆ ತುಂಬು ತೋಳು ಬೇಕು. ಗಾಳಿ ಬೀಸುವ ಹೊತ್ತು ಬಿಟ್ಟು ಬೆಳಗಿನ ಇಬ್ಬನಿಯಲ್ಲಿ ಮಾಡಿದರೆ ಪುಡಿ ಹಾರುವುದಿಲ್ಲ. ಅಲರ್ಜಿ ಇರುವವರು ಗವಸು ಹಾಕಿಕೊಂಡೂ ಈ ಕೆಲಸಕ್ಕೆ ಇಳಿಯಬಾರದು, ಆ ಹೊತ್ತು ಅಲ್ಲಿ ಇರಲೂ ಬಾರದು. ಕೂಲಿ ಕೊಟ್ಟು ಮಾಡಿಸಬೇಕಾದರೆ ಆ ಹೆಣ್ಣಾಳುಗಳ ಕೈಗೂ ಗವಸು ಕೊಡುವುದು ಮಾಲೀಕನ ಹೊಣೆ. ಕೂಲಿಯವರ ಚರ್ಮ ಬೇರೆಯದಲ್ಲ.

ಕಿತ್ತ ಗಿಡವನ್ನು ಹೂವಿಗೆ ಮುಂಚೆಯಾದರೆ ಗುಂಡಿಯಲ್ಲಿ ಸಗಣಿ ಬಗ್ಗಡ ಮತ್ತು ಮಣ್ಣಿನೊಡನೆ ಪದರ ಪದರವಾಗಿ ತುಂಬಿ ಕೊಳೆಸಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಹೂಬಿಟ್ಟುದನ್ನು ಗೊಬ್ಬರಕ್ಕೆ ಸೇರಿಸಬಾರದು. ಸರಿಯಾಗಿ ಕಾವು ಏರದ ಗುಂಡಿಯಲ್ಲಿ ಬೀಜ ಸಾಯದೆ ಉಳಿದು, ಗೊಬ್ಬರದ ಜೊತೆ ಹೊಲ ಸೇರುತ್ತದೆ. ಒಣಗಿಸಿ ಸುಡುವುದೂ ಬೇಡ. ಒಣಗಿಸುವಾಗ ಏಳುವ ಪುಡಿಯೇ ರೋಗಿಗೆ ಸಾಕು. ಅಂತಹ ಗಿಡವನ್ನು ಆಳವಾದ ಗುಂಡಿಯಲ್ಲಿ ಹೂಳಬೇಕು.

ಕೀಳಲಾಗದ ಕಡೆ, ಅಂದರೆ ಪಾಳು ಗೋಡೆಯ ಬುಡ, ರಸ್ತೆಯ ಅಂಚು, ಕಲ್ಲು ರಾಶಿಗಳಲ್ಲಿ, ಅಡಿಗೆ ಉಪ್ಪಿನ ದ್ರಾವಣ ಬಡವರ ಕಳೆನಾಶಕ. ಪ್ರತಿ ಲೀಟರ್ ನೀರಿಗೆ 150ರಿಂದ 200 ಗ್ರಾಂ ಉಪ್ಪು ಕರಗಿಸಿ, ಮೋಡವಿಲ್ಲದ ದಿನ, ಹೂವಿಗೆ ಮುಂಚೆ ಎಲೆಗಳೆಲ್ಲ ತೊಯ್ಯುವಂತೆ ಸಿಂಪಡಿಸಬೇಕು. ಬೆಳೆಯುವ ಹೊಲದಲ್ಲಿ ಮಾತ್ರ ಇದು ಸಲ್ಲದು, ಮಣ್ಣು ಚೌಳಾಗುತ್ತದೆ. ಸಿಂಪರಣೆಯ ಕೈಪಂಪನ್ನು ಚೆನ್ನಾಗಿ ತೊಳೆಯದಿದ್ದರೆ ತುಕ್ಕು ಹಿಡಿಯುತ್ತದೆ. ರಾಸಾಯನಿಕ ಕಳೆನಾಶಕಗಳನ್ನು ಬಳಸುವವರು ಬೆಳೆಗೆ ತಕ್ಕಂತೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಬಳಸಬೇಕು. 2,4-ಡಿ ಸಿಂಪರಣೆಯ ಹನಿ ಗಾಳಿಯಲ್ಲಿ ಹಾರಿ ಪಕ್ಕದವರ ಹತ್ತಿಗೋ ದ್ರಾಕ್ಷಿಗೋ ತಾಗಿದರೆ ತುರಿಯ ಜೊತೆಗೆ ವ್ಯಾಜ್ಯವೂ ಹತ್ತುತ್ತದೆ.

ಈ ಗಿಡದ ಶತ್ರುವೊಂದು ನಮ್ಮಲ್ಲೇ ಇದೆ. ಬಿಳಿ ಮೈಮೇಲೆ ಕಂದು ಗೀಟುಗಳಿರುವ, ಹುಣಸೆ ಬೀಜಕ್ಕಿಂತ ಚಿಕ್ಕದಾದ ಮೆಕ್ಸಿಕನ್ ಜೀರುಂಡೆಯನ್ನು 1983ರಲ್ಲಿ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಈಗ ಅದು ದೇಶದ ಹಲವು ರಾಜ್ಯಗಳಿಗೆ ಹರಡಿದೆ. ಮರಿಹುಳುವೂ ಪ್ರೌಢ ಕೀಟವೂ ಎಲೆಯನ್ನು ತಿಂದು ಗಿಡವನ್ನು ಬರಿಯ ಕಡ್ಡಿಯಾಗಿಸುತ್ತವೆ. ಸೂರ್ಯಕಾಂತಿಗೂ ಬಾಯಿ ಹಾಕುತ್ತದೆಂದು ಒಂದು ಕಾಲಕ್ಕೆ ಎದ್ದ ಆತಂಕ ಪರಿಶೀಲನೆಯ ನಂತರ ಇಳಿಯಿತು. ಮಳೆಗಾಲದಲ್ಲಿ ಚುರುಕಾಗಿದ್ದು, ಚಳಿ ಮತ್ತು ಬೇಸಗೆಯಲ್ಲಿ ಮಣ್ಣಿನೊಳಗೆ ಅಡಗುವುದು ಇದರ ಸ್ವಭಾವ. ಹಾಗಾಗಿ ಯುಗಾದಿಯ ಮುಂದಿನ ಮೊದಲ ಪೈರಿಗೆ ಇದು ತಡವಾಗಿ ಬರುತ್ತದೆ. ಆ ಮೊದಲ ಪೈರನ್ನು ನಾವು ಕೀಳಬೇಕು, ಉಳಿದ ಕೆಲಸದಲ್ಲಿ ಜೀರುಂಡೆ ಜೊತೆಗೂಡುತ್ತದೆ. ಜೀರುಂಡೆ ತುಂಬಿದ ಗಿಡಗಳನ್ನು ಕಂಡಾಗ ಔಷಧ ಹೊಡೆಯದೆ ಬಿಡುವುದು ಬುದ್ಧಿವಂತಿಕೆ.

ಔಷಧದ ವಿಚಾರ

ತುರಿ ಎಂದು ಅಂಗಡಿಯಲ್ಲಿ ಕೇಳಿದರೆ ಕೊಡುವ ಟ್ಯೂಬಿನ ಮುಲಾಮುಗಳಲ್ಲಿ ಹೆಚ್ಚಿನವು ಸ್ಟೀರಾಯ್ಡ್ ಬೆರೆತವು. ಹಚ್ಚಿದ ಎರಡೇ ದಿನಕ್ಕೆ ತುರಿ ಮಾಯವಾಗುತ್ತದೆ, ಬಿಟ್ಟ ನಾಲ್ಕು ದಿನಕ್ಕೆ ಮೊದಲಿಗಿಂತ ಜೋರಾಗಿ ಬರುತ್ತದೆ, ಮತ್ತೆ ಟ್ಯೂಬು. ಹೀಗೆ ವರ್ಷಗಟ್ಟಲೆ ನಡೆದರೆ ಮುಖದ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ ಕೆಂಪು ನರಗಳು ಕಾಣುತ್ತವೆ. ರೆಪ್ಪೆಗೆ ಹಚ್ಚುತ್ತಾ ಹೋದರೆ ಕಣ್ಣಿನ ಒತ್ತಡ ಏರಿ ದೃಷ್ಟಿಗೇ ಅಪಾಯ. ಇರುವುದು ಹುಳುಕಡ್ಡಿಯಾಗಿದ್ದರೆ ಈ ಮುಲಾಮಿನಿಂದ ಅದು ಗುರುತು ಸಿಗದಂತೆ ಮೈತುಂಬ ಹರಡುತ್ತದೆ. ಸ್ಟೀರಾಯ್ಡ್ ಕೆಟ್ಟ ಔಷಧವಲ್ಲ. ವೈದ್ಯರು ಯಾವ ಜಾಗಕ್ಕೆ, ಎಷ್ಟು ದಿನ, ಎಷ್ಟು ತೀಕ್ಷ್ಣತೆಯದು ಎಂದು ಬರೆದುಕೊಟ್ಟರೆ ಅದೇ ಮುಖ್ಯ ಔಷಧ. ಅಳತೆಯಿಲ್ಲದೆ ಸುರಿದ ಯೂರಿಯಾದಿಂದ ಬೆಳೆ ಸುಟ್ಟರೆ ಯೂರಿಯಾವನ್ನು ದೂರಲಾಗುವುದಿಲ್ಲವಲ್ಲ.

ಜಾತ್ರೆಯಲ್ಲಿ ಮಾರುವ ಹೆಸರಿಲ್ಲದ ಪುಡಿ, ಗುಳಿಗೆಗಳ ಬಗ್ಗೆ ಎಚ್ಚರ. ಮರುದಿನವೇ ಮೈ ಹಗುರವಾಯಿತೆಂದರೆ ಅದರಲ್ಲೂ ಸ್ಟೀರಾಯ್ಡ್ ಅರೆದು ಸೇರಿಸಿರುವ ಸಂದೇಹ ಇಟ್ಟುಕೊಳ್ಳಬೇಕು. ಸೀಮೆಎಣ್ಣೆ, ಬ್ಯಾಟರಿ ನೀರು, ಕೀಟನಾಶಕದ ಪುಡಿ ಇವನ್ನು ಮೈಗೆ ಹಚ್ಚುವುದು ಆತ್ಮಘಾತಕ. ತುರಿಯಿರುವ ಚರ್ಮಕ್ಕೆ ಹಸಿ ಸೊಪ್ಪುಗಳನ್ನು ಅರೆದು ಹಚ್ಚಿದರೆ ಕೆಲವರಿಗೆ ಹೊಸದೊಂದು ಅಲರ್ಜಿ ಸೇರಿಕೊಳ್ಳುತ್ತದೆ. ತಣ್ಣೀರಿನ ಒದ್ದೆ ಬಟ್ಟೆ ಹಾಕುವುದು ನಿರಪಾಯವಾದ ಮನೆಮದ್ದು, ನವೆಯನ್ನು ತಕ್ಷಣಕ್ಕೆ ಇಳಿಸುತ್ತದೆ.

ತುರಿಗೆ ಕೊಡುವ ಮಾತ್ರೆಗಳಲ್ಲಿ ಕೆಲವು ನಿದ್ದೆ ತರಿಸುತ್ತವೆ. ಅವನ್ನು ನುಂಗಿ ಟ್ರ್ಯಾಕ್ಟರ್ ಓಡಿಸುವುದು, ಒಕ್ಕಣೆ ಯಂತ್ರಕ್ಕೆ ತೆನೆ ಕೊಡುವುದು, ಬಾವಿಗೆ ಇಳಿಯುವುದು ಕೂಡದು. ಬೇನೆ ಬಹಳ ಬಲಿತವರಿಗೆ ಚರ್ಮತಜ್ಞರು ಅಜಾಥಯೋಪ್ರಿನ್‌ನಂತಹ ಔಷಧ ಕೊಡುತ್ತಾರೆ. ಹಲವರಿಗೆ ಇದು ಬದುಕನ್ನೇ ಮರಳಿಸಿದೆ. ಆದರೆ ಆಗಾಗ ರಕ್ತಪರೀಕ್ಷೆ ಮಾಡಿಸುತ್ತಲೇ ತೆಗೆದುಕೊಳ್ಳಬೇಕಾದ ಔಷಧವಿದು. ಗುಣ ಕಂಡಿತೆಂದು ಪರೀಕ್ಷೆ ಬಿಟ್ಟು ಹಳೆಯ ಚೀಟಿಯ ಮೇಲೆ ತಾವೇ ಕೊಂಡು ನುಂಗುವುದು ಅಪಾಯಕರ.

ಕೀವು ತುಂಬಿದ್ದರೆ, ಜ್ವರ ಬಂದರೆ, ಮೈಯೆಲ್ಲ ಕೆಂಪಾಗಿ ಹೊಟ್ಟು ಉದುರತೊಡಗಿದರೆ, ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿದರೆ, ಕಾಯದೆ ಆಸ್ಪತ್ರೆಗೆ ಹೋಗಬೇಕು. ಸೀನು, ಉಬ್ಬಸ ಇದ್ದವರೂ ಅದನ್ನು ವೈದ್ಯರಿಗೆ ತಿಳಿಸಬೇಕು. ಪಾರ್ಥೇನಿಯಂ ಪರಾಗ ಅದನ್ನೂ ತರಬಲ್ಲದು.

ಚಳಿಗಾಲದಲ್ಲಿ ಮಾಡುವ ಕೆಲಸ

ಕಾರ್ತಿಕದಿಂದ ಮಾಘದವರೆಗೆ ಬಹುಮಂದಿಗೆ ಚರ್ಮ ಶಾಂತವಾಗಿರುತ್ತದೆ. ವರ್ಷಗಳು ಕಳೆದಂತೆ ಕೆಲವರಿಗೆ ಈ ಬಿಡುವೂ ತಪ್ಪಿ ಹನ್ನೆರಡು ತಿಂಗಳೂ ತುರಿ ನಿಲ್ಲುತ್ತದೆ. ಬಿಡುವಿನಲ್ಲೂ ಇದ್ದಕ್ಕಿದ್ದಂತೆ ಕೆದರಿದರೆ ಬಣವೆಯನ್ನು ನೋಡಬೇಕು. ರಾಗಿ ಹುಲ್ಲು, ಶೇಂಗಾ ಹೊಟ್ಟಿನೊಡನೆ ಒಣಗಿ ಸೇರಿದ ಪಾರ್ಥೇನಿಯಂ ಮೇವು ಹಿರಿಯುವಾಗ ಮುಖಕ್ಕೆ ಹಾರುತ್ತದೆ. ಈ ಅಲರ್ಜಿ ಇರುವ ಕೆಲವರಿಗೆ ಇದೇ ಕುಟುಂಬದ ಸೇವಂತಿಗೆ, ಸೂರ್ಯಕಾಂತಿ, ಮರುಳುಮತ್ತಿ ಗಿಡಗಳೂ ಒಗ್ಗುವುದಿಲ್ಲ. ಸೇವಂತಿಗೆ ಬೆಳೆಗಾರರಾಗಿದ್ದರೆ ಬಿಡಿಸುವ ಕೆಲಸವನ್ನು ಬೇರೆಯವರಿಗೆ ಕೊಟ್ಟು ನೋಡಬೇಕು.

ತಗಚೆಯ ಬಳಗದ ಕ್ಯಾಸಿಯಾ ಯೂನಿಫ್ಲೋರಾ ಎಂಬ ಗಿಡ ಪಾರ್ಥೇನಿಯಂ ಜೊತೆ ಸ್ಪರ್ಧಿಸಿ ಅದನ್ನು ಹತ್ತಿಕ್ಕುತ್ತದೆ. ಧಾರವಾಡದ ಸುತ್ತಮುತ್ತ ಇದನ್ನು ಕಣ್ಣಾರೆ ಕಾಣಬಹುದು. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಬೀಜ ಕೂಡಿಟ್ಟು ಏಪ್ರಿಲ್, ಮೇನಲ್ಲಿ ಮಳೆಗೆ ಮುಂಚೆ ರಸ್ತೆಯಂಚು, ಪಾಳು ಜಾಗಗಳಲ್ಲಿ ಎರಚಬೇಕು. ಇದೂ ಹಬ್ಬುವ ಗಿಡವೇ ಆದ್ದರಿಂದ ಸಾಗುವಳಿ ಜಮೀನಿಗೆ ತರಬಾರದು.

ಕಾರಣ ಪಾರ್ಥೇನಿಯಂ ಹೌದೋ ಅಲ್ಲವೋ ಎಂದು ನಿಶ್ಚಯಿಸುವ ಪರೀಕ್ಷೆಗೂ ಇದೇ ಕಾಲ ಸೂಕ್ತ. ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗಗಳಲ್ಲಿ ಪ್ಯಾಚ್ ಟೆಸ್ಟ್ ಮಾಡುತ್ತಾರೆ. ಗಿಡದ ಸಾರವನ್ನು ಸಣ್ಣ ಬಿಲ್ಲೆಗಳಲ್ಲಿ ಹಾಕಿ ಬೆನ್ನಿಗೆ ಅಂಟಿಸಿ, 48 ಗಂಟೆಗಳ ಬಳಿಕ ತೆಗೆದು ನೋಡುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಸೂಜಿಯಿಲ್ಲ, ನೋವಿಲ್ಲ. ಆದರೆ ಅಷ್ಟು ದಿನ ಬೆನ್ನು ನೆನೆಯಬಾರದು, ಬೆವರು ಹರಿಯುವ ಕೆಲಸ ಮಾಡಬಾರದು. ಬೆನ್ನಿನ ಮೇಲೆ ದದ್ದಿದ್ದರೆ ಅಥವಾ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಫಲಿತಾಂಶ ಸರಿಯಾಗಿ ಬರುವುದಿಲ್ಲ. ಸುಗ್ಗಿ ಮುಗಿಸಿ, ಕಣದ ದೂಳು ತೊಳೆದುಕೊಂಡು, ಈವರೆಗೆ ಬಳಸಿದ ಟ್ಯೂಬು ಮಾತ್ರೆಗಳ ಖಾಲಿ ಡಬ್ಬಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೊರಡಬೇಕು. ಒಂದೇ ವಾರದಲ್ಲಿ ಎರಡು ಮೂರು ಸಲ ಹೋಗಿಬರಬೇಕಾಗುವುದರಿಂದ ನೆಂಟರ ಮನೆಯೋ ಧರ್ಮಶಾಲೆಯೋ ಹತ್ತಿರವಿದ್ದರೆ ಅನುಕೂಲ.